ಗೋಡೆಗೆ ಮುಖ ಮಾಡಿದ ಚಿತ್ರ

ಮನೆಗೆ ಸುಣ್ಣಬಣ್ಣ ಮಾಡಿಸುವುದೆಂದರೆ ಮೇಷ್ಟರ ಮನೆಯಲ್ಲಿ ಒಂದು ಸಣ್ಣ ಪ್ರಳಯ. ಪುಸ್ತಕಗಳೆಲ್ಲ ಮಂಚದ ಮೇಲೆ, ಮಂಚದವರೆಲ್ಲ ಚಾಪೆಯ ಮೇಲೆ, ಚಾಪೆ ಅಡಿಗೆಮನೆಯ ಬಾಗಿಲಲ್ಲಿ. ನಾವಿರುವುದು ಸುದ್ದಗುಂಟೆಪಾಳ್ಯದಲ್ಲಿ. ತೆಲುಗಿನಲ್ಲಿ ಸುದ್ದ ಎಂದರೆ ಬಿಳಿಯ ಮಣ್ಣು. ಗುಂಟ ಎಂದರೆ ಹಳ್ಳ. ಗೋಡೆ ಬೆಳ್ಳಗೆ ಮಾಡುವ ಮಣ್ಣಿನ ಹೆಸರನ್ನು ಹೊತ್ತ ಊರಿನಲ್ಲಿದ್ದುಕೊಂಡು ಏಳು ವರ್ಷ ಗೋಡೆಗೆ ಬಣ್ಣ ಕಾಣಿಸದೆ ಇದ್ದುದು ನಾಚಿಕೆಗೇಡು ಎಂದು ನನ್ನ ಹೆಂಡತಿ ಎರಡು ಯುಗಾದಿಗಳಿಂದ ಹೇಳುತ್ತಲೇ ಇದ್ದಳು. ಪದದ ನಿಷ್ಪತ್ತಿಯನ್ನು ಅವಳಿಗೆ ಹೇಳಿಕೊಟ್ಟವನು ನಾನೇ. ವಿದ್ಯೆ ಹೀಗೆ ಕೊಟ್ಟವನಿಗೇ ತಿರುಗುತ್ತದೆ.

ನಾನು ಹುಡುಗನಾಗಿದ್ದಾಗ ಈ ಪಾಳ್ಯಕ್ಕೆ ಇನ್ನೂ ಹಳ್ಳಿಯ ಬೆನ್ನೆಲುಬಿತ್ತು. ಬೆಳಗಿನ ಜಾವ ಡೈರಿಯ ಕಡೆಯಿಂದ ಹಾಲಿನ ಲಾರಿಗಳ ಸದ್ದು ಬರುತ್ತಿತ್ತು. ಈಗ ನಮ್ಮ ಬೀದಿಯ ಪ್ರತಿಯೊಂದು ಮನೆಯ ಮೇಲೂ ಮೂರು ಅಂತಸ್ತು ಎದ್ದು, ಅಂತಸ್ತಿಗೆ ಹತ್ತರಂತೆ ವಿದ್ಯಾರ್ಥಿಗಳು ಬಾಡಿಗೆಗಿದ್ದಾರೆ. ನಮ್ಮ ಮನೆ ಮಾತ್ರ ಅಪ್ಪ ಕಟ್ಟಿಸಿದ ಹಾಗೆಯೇ ಇದೆ: ಕೆಳಗೆ ನಾಲ್ಕು ಅಂಕಣ, ಮಾಳಿಗೆಯ ಮೇಲೆ ಒಂದು ಒಂಟಿ ಕೋಣೆ. ಆ ಕೋಣೆಯಲ್ಲಿ ನನ್ನ ಸೋದರಮಾವ ಇದ್ದರು.

ಬಣ್ಣದ ಮೇಸ್ತ್ರಿ ಅಟ್ಟ ಖಾಲಿ ಮಾಡಬೇಕೆಂದ. ಹಳೆಯ ತೊಟ್ಟಿಲು, ಹಿತ್ತಾಳೆಯ ಹಂಡೆ, ಗೊಂಬೆಯ ಹಬ್ಬದ ಪೆಟ್ಟಿಗೆ ಎಲ್ಲ ಇಳಿದ ಮೇಲೆ ಕೊನೆಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ್ದ ಒಂದು ಚೌಕಟ್ಟು ಇಳಿಯಿತು. ಅದು ಏನೆಂದು ನನಗೆ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ ಸೀರೆ ಸುತ್ತಿ, ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿ ಅಟ್ಟದಲ್ಲಿ ಇಟ್ಟವನು ನಾನೇ. ನಾನು ಬೇಡವೆನ್ನುವುದರೊಳಗೆ ನನ್ನ ಮಗಳು ಗಂಟು ಬಿಚ್ಚಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಅಪ್ಪ, ಇದು ಯಾರು?" ಎಂದು ಕೇಳಿದಳು.

ಅವಳಿಗೆ ಉತ್ತರ ಹೇಳುವ ಮೊದಲು ಮಾವನ ವಿಷಯ ಹೇಳಬೇಕು.

ನನ್ನ ಮಾವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮದುವೆಯಾಗಲಿಲ್ಲ. ಸಂಬಳದ ಅರ್ಧ ಬಣ್ಣದ ಟ್ಯೂಬುಗಳಿಗೆ ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಎಷ್ಟು ಎಲ್ಲಿಗೆ ಹೋಗುತ್ತಿತ್ತೆಂಬುದು ರಾತ್ರಿ ಅವರು ಮೆಟ್ಟಿಲು ಹತ್ತುವ ಸದ್ದಿನಲ್ಲಿ ತಿಳಿಯುತ್ತಿತ್ತು. ನಲವತ್ತೆಂಟನೆಯ ವಯಸ್ಸಿಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಪೂರಾ ಚಿತ್ರಕ್ಕೆ ಕುಳಿತರು. ಚಿತ್ರವೆಂದರೆ ನಮ್ಮ ಮನೆಯವರು ತಿಳಿದ ಚಿತ್ರವಲ್ಲ. ಹೂವಿಲ್ಲ, ಹೊಳೆಯಿಲ್ಲ, ಕೊಡ ಹೊತ್ತ ಹೆಂಗಸಿಲ್ಲ. ಬೆಂಚಿನ ಮೇಲೆ ಒರಗಿ ಬಾಯಿ ತೆರೆದು ನಿದ್ದೆಹೋದ ಕೂಲಿಯವನು. ಯಂತ್ರಕ್ಕೆ ಬೆರಳು ಕೊಟ್ಟ ಗೆಳೆಯನ ಕೈ. ಮಾಂಸದಂಗಡಿಯ ಮುಂದೆ ನಿಂತು, ತಾನೂ ಅರ್ಧ ಮಾಂಸದಂತೆಯೇ ಕಾಣುವ ಮುದುಕ. ಒಮ್ಮೆ ಅಪ್ಪನ ಸ್ನೇಹಿತರೊಬ್ಬರು ಅವುಗಳನ್ನು ನೋಡಿ, "ಇವನ್ನು ಮಾರುವುದಾದರೆ ಆಸ್ಪತ್ರೆಗೇ ಮಾರಬೇಕು" ಎಂದರು. ಮಾವ ನಕ್ಕು, "ಆಸ್ಪತ್ರೆಯವರು ತಗೊಳ್ಳೋಲ್ಲ ಸ್ವಾಮಿ, ಅವರಿಗೆ ಹೂವಿನ ಚಿತ್ರವೇ ಬೇಕು" ಎಂದರು.

ಅವರಿಗೆ ಇಬ್ಬರು ದೇವರುಗಳಿದ್ದರು. ಒಬ್ಬರು ಇದೇ ಊರಿನವರು, ಯೂಸುಫ್ ಅರಕ್ಕಲ್. ಕೇರಳದ ಚಾವಕ್ಕಾಡಿನಲ್ಲಿ 1945ರಲ್ಲಿ ಹುಟ್ಟಿ, ಎಳೆತನದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಮೀಸೆ ಮೂಡುವ ವಯಸ್ಸಿನಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಬಂದವರು. ಹಿಂದೂಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯಲ್ಲಿ ದುಡಿಯುತ್ತ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದರು. ಹತ್ತು ವರ್ಷದಲ್ಲಿ, 1983ಕ್ಕೆ, ರಾಷ್ಟ್ರಪ್ರಶಸ್ತಿ ಅವರದಾಯಿತು. "ನಮ್ಮ ಹಾಗೇ ಕಾರ್ಖಾನೆ ಗಂಟೆ ಕೇಳಿದೋರು ಕಣೋ" ಎಂದು ಮಾವ ನೂರು ಸಲ ಹೇಳಿದ್ದಾರೆ. ಪರಿಚಯವೇನೂ ಇರಲಿಲ್ಲ; ಪ್ರದರ್ಶನದಲ್ಲಿ ದೂರದಿಂದ ನೋಡಿದ್ದಷ್ಟೇ. ನನ್ನನ್ನೂ ಒಮ್ಮೆ ಕುಮಾರಕೃಪಾ ರಸ್ತೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕಂಡವೆಲ್ಲ ಒಂಟಿ ಮನುಷ್ಯರು. ಮಾಸಿದ ಕಂದು ಗೋಡೆ. ಅದರ ಮುಂದೆ ಕುಳಿತವನೊಬ್ಬ. ಅವನ ಮುಖ ಪೂರ್ತಿ ಮೂಡದೆ ಗೋಡೆಯೊಳಕ್ಕೇ ಹಿಂಜರಿಯುತ್ತಿರುವಂತೆ ಇತ್ತು. ನನಗೆ ಕಸಿವಿಸಿಯಾಯಿತು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ದಿನವೂ ನೋಡುವ, ಆದರೆ ನೋಡದೆ ದಾಟಿಬಿಡುವ ಮನುಷ್ಯರನ್ನು ಯಾರೋ ನನ್ನೆದುರಿಗೆ ತಂದು ಕೂರಿಸಿದಂತಾಗಿತ್ತು.

ಎರಡನೆಯ ದೇವರು ದೂರದವನು, ಫ್ರಾನ್ಸಿಸ್ ಬೇಕನ್. ಕಾಲೇಜಿನ ಪಠ್ಯಗಳಲ್ಲಿ ಬರುವ ಪ್ರಬಂಧಕಾರ ಬೇಕನ್ ಅಲ್ಲ. ಅದೇ ಹೆಸರಿನ ಚಿತ್ರಗಾರ. ಮಾವ ಅವೆನ್ಯೂ ರಸ್ತೆಯ ಪಾದಚಾರಿ ಹಾದಿಯಲ್ಲಿ ಅವನ ಚಿತ್ರಗಳದೊಂದು ಹಳೆಯ ಪುಸ್ತಕ ಕೊಂಡು ತಂದಿದ್ದರು. ಟರ್ಪೆಂಟೈನ್ ವಾಸನೆ ಹಿಡಿದ ಆ ಪುಸ್ತಕ ಈಗ ನನ್ನ ಬಳಿ ಇದೆ. ಅರಕ್ಕಲ್ಲರಿಗೆ 2005ರಲ್ಲಿ ಇಟಲಿಯ ಫ್ಲಾರೆನ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಬಂದ ಚಿತ್ರದ ಹೆಸರಿನಲ್ಲೇ ಬೇಕನ್ ಇದ್ದ. "ಬೇಕನ್ನನ ಮನುಷ್ಯ, ಮಗು ಮತ್ತು ಪಾದ್ರಿಯೊಡನೆ" ಎಂದು ಅದನ್ನು ಕನ್ನಡಿಸಬಹುದು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಮಾವನ ಸಂಭ್ರಮ ಹೇಳತೀರದು. ತನ್ನ ಇಬ್ಬರು ದೇವರುಗಳು ಒಂದೇ ಗುಡಿಯಲ್ಲಿ ಕೂತರೆಂದು ಮನೆಯವರಿಗೆಲ್ಲ ಮೈಸೂರುಪಾಕು ತಂದರು.

ಬೇಕನ್ನನ ಬಾಳು ಸುಖದ ಬಾಳಲ್ಲ. ಹುಟ್ಟಿದ್ದು 1909ರಲ್ಲಿ, ಡಬ್ಲಿನ್ನಿನಲ್ಲಿ. ತಂದೆ ಪಂದ್ಯದ ಕುದುರೆಗಳನ್ನು ಪಳಗಿಸುವವನು. ಮಗನಿಗೋ ಕುದುರೆಯ ಹತ್ತಿರ ಹೋದರೆ ಉಬ್ಬಸ. ಹುಡುಗ ತಾಯಿಯ ಬಟ್ಟೆ ತೊಟ್ಟದ್ದನ್ನು ಕಂಡ ತಂದೆ ಹದಿನಾರರ ಹರೆಯದಲ್ಲಿ ಅವನನ್ನು ಮನೆಯಿಂದ ಹೊರಗಟ್ಟಿದ. ಅವನ ಒಲವು ಗಂಡಸರ ಕಡೆಗಿತ್ತು. ಇಂಗ್ಲೆಂಡಿನ ಕಾನೂನು 1967ರವರೆಗೂ ಅದನ್ನು ಅಪರಾಧವೆಂದೇ ಕರೆಯುತ್ತಿತ್ತು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು ಆ ಕಳಂಕವನ್ನು ತೆಗೆದದ್ದು 2018ರಲ್ಲಿ. ಯಾವ ಶಾಲೆಯಲ್ಲೂ ಚಿತ್ರ ಕಲಿತವನಲ್ಲ. ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, 1945ರ ಏಪ್ರಿಲಿನಲ್ಲಿ, ಲಂಡನ್ನಿನ ಜನ ಅವನ ಮೂರು ಹಲಗೆಗಳ ಚಿತ್ರವನ್ನು ನೋಡಿ ಬೆಚ್ಚಿದರು. ಕಿತ್ತಳೆ ಬಣ್ಣದ ಹಿನ್ನೆಲೆ. ಅದರ ಮುಂದೆ ಕಣ್ಣಿಲ್ಲದ, ಕುತ್ತಿಗೆ ಚಾಚಿದ, ಬಾಯಿಯೇ ಮೈಯಾದ ಮೂರು ಜೀವಗಳು. ಆಮೇಲೆ 1953ರಲ್ಲಿ, ಸ್ಪೇನಿನ ವೆಲಾಸ್ಕೆಸ್ ಮುನ್ನೂರು ವರ್ಷದ ಹಿಂದೆ ಬರೆದ ಪೋಪನ ಚಿತ್ರವನ್ನು ಇಟ್ಟುಕೊಂಡು, ಪೀಠದ ಮೇಲೆ ಕುಳಿತು ಚೀರುವ ಪೋಪನನ್ನು ಬರೆದ.

ಬಾಯಿ ಅವನನ್ನು ಬೆನ್ನು ಬಿಡದೆ ಕಾಡಿತು. ಬಾಯಿಯ ರೋಗಗಳ ಬಣ್ಣದ ಚಿತ್ರಗಳಿರುವ ವೈದ್ಯಗ್ರಂಥವೊಂದನ್ನು ಪ್ಯಾರಿಸ್ಸಿನಲ್ಲಿ ಕೊಂಡಿದ್ದ. ಐಸೆನ್‌ಸ್ಟೈನನ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಲಚ್ಚಿತ್ರದಲ್ಲಿ ಕನ್ನಡಕ ಒಡೆದು ಚೀರುವ ಹೆಂಗಸಿನ ಮುಖವನ್ನು ಜನ್ಮವಿಡೀ ಮರೆಯಲಿಲ್ಲ. ಸೂರ್ಯಾಸ್ತವನ್ನು ಮೊನೆ ಬರೆದಂತೆ ತಾನು ಬಾಯಿಯನ್ನು ಬರೆಯಬೇಕೆಂದು ಆಸೆಪಟ್ಟವನು ಅವನು. ನಾನು ಇದನ್ನು ಓದಿ ನಕ್ಕಿದ್ದೆ. ಸೂರ್ಯಾಸ್ತ ಇರುವಾಗ ಬಾಯಿ ಏಕೆ?

ಕನ್ನಡದ ಮೇಷ್ಟರಾದ ನನಗೆ ಇಂಥ ಪ್ರಶ್ನೆ ಕೇಳುವ ಹಕ್ಕು ನಿಜವಾಗಿ ಇಲ್ಲ. ಭರತನ ಎಂಟು ರಸಗಳಲ್ಲಿ ಬೀಭತ್ಸವೂ ಒಂದು. ಜುಗುಪ್ಸೆ ಅದರ ಸ್ಥಾಯಿಭಾವ. ಇದನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. 1209ರ ಸುಮಾರಿನ ಜನ್ನನ ಯಶೋಧರ ಚರಿತೆಯಲ್ಲಿ ಅಷ್ಟಾವಂಕನ ಕುರೂಪವನ್ನು ಅಂಗಾಂಗವಾಗಿ ವಿವರಿಸಿ, ಅಮೃತಮತಿಗೆ ಅವನಲ್ಲೇ ಮೋಹ ಹುಟ್ಟಿತೆಂದು ಪಾಠ ಹೇಳುತ್ತೇನೆ. ಹಿಟ್ಟಿನ ಹುಂಜವನ್ನು ಕಡಿದಾಗ ಅದು ಕೂಗುವ ಜಾಗಕ್ಕೆ ಬಂದರೆ, ಹಿಂದಿನ ಬೆಂಚಿನ ಹುಡುಗರೂ ಮೊಬೈಲು ಕೆಳಗಿಡುತ್ತಾರೆ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುವುದನ್ನು ನಾನು ಬಣ್ಣಿಸಿದ ಬಗೆಗೆ ಒಮ್ಮೆ ಚಪ್ಪಾಳೆಯೂ ಬಿದ್ದಿತ್ತು. ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಹಳೇಬೀಡಿಗೆ ಕರೆದೊಯ್ದಾಗ, ಹಿರಣ್ಯಕಶಿಪುವಿನ ಕರುಳನ್ನು ಬಗೆದು ಮಾಲೆ ಮಾಡಿದ ನರಸಿಂಹನ ಮುಂದೆ ಸಂಸಾರವಂದಿಗರು ಮಕ್ಕಳನ್ನು ಎತ್ತಿಕೊಂಡು ಕೈಮುಗಿಯುವುದನ್ನು ನೋಡಿದ್ದೇನೆ. ಯಾರಿಗೂ ಅಸಹ್ಯವೆನಿಸಿದಂತೆ ಕಾಣಲಿಲ್ಲ.

ಹಾಗಾದರೆ ಕಲ್ಲಿಗೆ ಕೊಟ್ಟ ರಿಯಾಯಿತಿಯನ್ನು ಕ್ಯಾನ್‌ವಾಸಿಗೆ ಏಕೆ ಕೊಡುವುದಿಲ್ಲ? ಈ ಪ್ರಶ್ನೆಯನ್ನು ಮಾವ ನನಗೆ ಕೇಳಿದ್ದರು. ಅಂದು ನಾನು ದೊಡ್ಡ ಉತ್ತರ ಕೊಟ್ಟೆ: ಅಲ್ಲಿ ಧರ್ಮವಿದೆ, ಕೊನೆಗೆ ಶಾಂತಿಯಿದೆ, ಕೆಟ್ಟವನು ಸತ್ತನೆಂಬ ಸಮಾಧಾನವಿದೆ, ನಿಮ್ಮ ಬೇಕನ್ನನಲ್ಲಿ ಬರಿಯ ಚೀರಾಟವಿದೆ ಎಂದೆ. ಉತ್ತರದಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಈಗ ಇನ್ನೊಂದು ತೋರುತ್ತದೆ. ಹಿರಣ್ಯಕಶಿಪು ನಮ್ಮ ಮನೆಯವನಲ್ಲ. ಅವನ ಕರುಳು ನಮಗೆ ನೋಯುವುದಿಲ್ಲ.

ನನ್ನ ತಾಯಿಗೆ 2008ರಲ್ಲಿ ಹೊಟ್ಟೆಯ ಕ್ಯಾನ್ಸರೆಂದು ತಿಳಿಯಿತು. ಮರುವರ್ಷ ಮಳೆಗಾಲದಲ್ಲಿ, ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಮನೆಗೆ ಕರೆತಂದೆವು. ಐದು ವಾರ ಇದ್ದರು. ಹಗಲು ನನ್ನ ಹೆಂಡತಿ, ರಾತ್ರಿ ಮಾವ ಹತ್ತಿರ ಕೂರುತ್ತಿದ್ದರು. ಆ ಐದು ವಾರ ಮಾವ ಕುಡಿಯಲಿಲ್ಲ. ನಾನು ಔಷಧ ತರುತ್ತಿದ್ದೆ, ನೆಂಟರ ದೂರವಾಣಿಗೆ ಉತ್ತರ ಹೇಳುತ್ತಿದ್ದೆ, ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಜಗುಲಿಯಲ್ಲಿ ಹರಡಿಕೊಂಡು ತಿದ್ದುತ್ತಿದ್ದೆ. ಒಂದೇ ಕಟ್ಟನ್ನು ಎರಡು ಸಲ ತಿದ್ದಿದ್ದೇನೆ. ಕೋಣೆಯ ಬಾಗಿಲ ತನಕ ಹೋಗಿ, "ಅಮ್ಮ, ಏನಾದರೂ ಬೇಕೇ?" ಎಂದು ಕೇಳಿ, ಉತ್ತರ ಬರುವುದರೊಳಗೆ ತಿರುಗಿ ಬರುತ್ತಿದ್ದೆ. ಕೊನೆಯ ರಾತ್ರಿಯೂ ನಾನು ಜಗುಲಿಯಲ್ಲಿಯೇ ಇದ್ದೆ.

ವರ್ಷಾಬ್ದಿಕವಾಗಿ ಸ್ವಲ್ಪ ದಿನಕ್ಕೆ ಮಾವ ನನ್ನನ್ನು ಮಾಳಿಗೆಗೆ ಕರೆದರು. ಚಿತ್ರ ಆಗಷ್ಟೇ ಮುಗಿದಿತ್ತು. ಬಣ್ಣ ಇನ್ನೂ ಹಸಿ. ಮಂಚದ ಮೇಲೆ ಅಮ್ಮ. ತಲೆ ದಿಂಬಿನಿಂದ ಜಾರಿದೆ; ಕೆನ್ನೆ ಎಂಬುದಿಲ್ಲ, ನೆರಳಿದೆ; ಹೊದಿಕೆಯ ಅಂಚನ್ನು ಹಿಡಿದ ಕೈ; ತೆರೆದ ಬಾಯಿ. ಆ ಬಾಯಿಯ ಕಪ್ಪಿನೊಳಗೆ ಒಂದಿಷ್ಟು ಕೆಂಪು. ನಾನು ಆಡಬಾರದ ಮಾತನ್ನು ಆಡಿದೆ. "ನಿಮಗೆ ಅಕ್ಕ ಸಾಯುತ್ತಿದ್ದದ್ದು ಕಾಣಲಿಲ್ಲ ಮಾಮ, ಚಿತ್ರ ಕಂಡಿತು. ಅನ್ನ ಹಾಕಿದವಳ ಸಾವನ್ನೂ ಬಿಡಲಿಲ್ಲವಲ್ಲ" ಎಂದೆ.

ಮಾವ ಕುಂಚ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸದೆ, "ನೀನು ಹೊರಗಿದ್ದೆ ಕಣೋ. ನಾನು ಒಳಗಿದ್ದೆ. ಅಷ್ಟೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಚಿತ್ರವನ್ನು ನನಗೇ ಕೊಟ್ಟರು. ಅದನ್ನು ಅಮ್ಮನ ಸೀರೆಯಲ್ಲೇ ಸುತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ಎಂಟು ವರ್ಷ ಒಂದೇ ಮನೆಯಲ್ಲಿದ್ದೆವು. ಊಟಕ್ಕೆ ಕರೆದೆ, ಹಬ್ಬಕ್ಕೆ ಪಂಚೆ ತಂದುಕೊಟ್ಟೆ, ಆಸ್ಪತ್ರೆಗೂ ಕರೆದೊಯ್ದೆ. ಚಿತ್ರದ ಮಾತು ಮಾತ್ರ ಮತ್ತೆ ಬರಲಿಲ್ಲ. ಅರಕ್ಕಲ್ ಅವರು 2016ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಮಾವ ಇಡೀ ದಿನ ಮಾಳಿಗೆಯಿಂದ ಇಳಿಯಲಿಲ್ಲ. ಮರುವರ್ಷ ಅವರೂ ಹೋದರು.

ಮಾವ ಹೋದ ಮೇಲೆ ಬೇಕನ್ನನ ಪುಸ್ತಕ ನನ್ನ ಕೈಗೆ ಬಂತು. ಒಂದು ಹಾಳೆಗೆ ಬಸ್ಸಿನ ಟಿಕೆಟ್ಟು ಗುರುತಾಗಿ ಇಟ್ಟಿತ್ತು. ಅಲ್ಲಿದ್ದ ಕಥೆ ಇದು. 1962ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಬೇಕನ್ನನ ಬಾಳಿನ ಮೊದಲ ದೊಡ್ಡ ಪ್ರದರ್ಶನ ತೆರೆಯಿತು. ಆ ಸಂಭ್ರಮದ ಹೊತ್ತಿಗೇ ಅವನ ಆಪ್ತ ಪೀಟರ್ ಲೇಸಿ ಸತ್ತ ಸುದ್ದಿ ಬಂತು. 1971ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಗ್ರಾಂಡ್ ಪಾಲೇ ಅರಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರದರ್ಶನ. ತೆರೆಯಲು ಎರಡು ದಿನವಿರುವಾಗ, ಜೊತೆಗೆ ಬಂದಿದ್ದ ಗೆಳೆಯ ಜಾರ್ಜ್ ಡಯರ್ ಹೋಟೆಲಿನ ಕೋಣೆಯಲ್ಲಿ ಕುಡಿತ ಮತ್ತು ಗುಳಿಗೆಗಳಿಂದ ಸತ್ತುಬಿದ್ದ. ಬೇಕನ್ ಪ್ರದರ್ಶನದಲ್ಲಿ ನಿಂತು ಗಣ್ಯರ ಕೈಕುಲುಕಿದ. ಎರಡು ವರ್ಷದ ಮೇಲೆ, 1973ರಲ್ಲಿ, ಅದೇ ಸಾವನ್ನು ಮೂರು ಹಲಗೆಗಳಲ್ಲಿ ಬರೆದ: ಬಚ್ಚಲಮನೆಯ ತೊಟ್ಟಿಗೆ ಬಾಗಿದ ಡಯರ್, ಪಾಯಖಾನೆಯಲ್ಲಿ ಕುಸಿದ ಡಯರ್, ಬಾಗಿಲ ಕತ್ತಲೆಯಲ್ಲಿ ಕರಗುವ ಡಯರ್.

ಮೊದಲು ಓದಿದಾಗ ನನಗೆ ಹಳೆಯ ಸಿಟ್ಟೇ ಬಂತು. ಸತ್ತವನ ಅನುಮತಿ ಕೇಳಿದವರುಂಟೆ? ಸಾಯುವವರಿಗೆ ಬಾಗಿಲು ಮುಚ್ಚಿಕೊಳ್ಳುವ ಹಕ್ಕಾದರೂ ಇರಬೇಡವೆ? ಈ ಪ್ರಶ್ನೆಯನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಬೇಕನ್ನನ ಬಗೆಗೆ ಭಕ್ತಿಯಿಂದ ಬರೆಯುವವರು ಈ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತಾರೆ. ಅವನ ಚಿತ್ರವೊಂದು 2013ರಲ್ಲಿ ಹದಿನಾಲ್ಕು ಕೋಟಿ ಡಾಲರಿಗೂ ಮಿಕ್ಕಿ ಹರಾಜಾಯಿತು ಎಂಬುದು ಅದಕ್ಕೆ ಉತ್ತರವಲ್ಲ. ಆದರೆ ಮೂರು ಹಲಗೆಗಳನ್ನು ಮತ್ತೆ ಮತ್ತೆ ನೋಡಿದಾಗ ಒಂದು ತೋರಿತು. ಅಂದು ಕೈಕುಲುಕುತ್ತ ನಿಂತಿದ್ದವನು ಆ ಕೋಣೆಗೆ ತಡವಾಗಿಯಾದರೂ ಒಳಗೆ ಹೋಗಿದ್ದಾನೆ. ಹೋಗುವುದಕ್ಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ ಇರಬಹುದು. ನಾನು ಹದಿನೈದು ವರ್ಷದಲ್ಲಿ ಯಾವ ದಾರಿಯಿಂದಲೂ ಹೋಗಿರಲಿಲ್ಲ.

ಈಗ ಮಗಳ ಪ್ರಶ್ನೆ. "ನಿನ್ನ ಅಜ್ಜಿ" ಎಂದೆ. ಅವಳು ನಡುಮನೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಅಮ್ಮನ ಫೋಟೋ ಇದೆ. ಸ್ಟುಡಿಯೋದವನು ಸುಕ್ಕು ಅಳಿಸಿ, ಕೆನ್ನೆ ತುಂಬಿ, ಸೀರೆಗೆ ಇಲ್ಲದ ಜರಿ ಹಾಕಿಕೊಟ್ಟದ್ದು. ಗಂಧದ ಹಾರ ಹಾಕಿ ಇಷ್ಟು ವರ್ಷವೂ ಅದಕ್ಕೇ ಕೈಮುಗಿದಿದ್ದೇವೆ. ನೆಂಟರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅಮ್ಮನ ಹಾಗಿದೆ ಎಂದು ಮಾತ್ರ ಯಾರೂ ಅಂದದ್ದಿಲ್ಲ. ಮಗಳು ಎರಡನ್ನೂ ನೋಡಿ, ಮತ್ತೆ ಚಿತ್ರಕ್ಕೆ ಬಂದು, "ಬಳೆ ನೋಡು ಅಪ್ಪ, ಮೊಣಕೈವರೆಗೆ ಜಾರಿದೆ" ಎಂದಳು. ಅದು ನನಗೆ ಮರೆತೇಹೋಗಿತ್ತು. ಕೈ ಬತ್ತಿ ಬಳೆಗಳು ಜಾರುತ್ತಿದ್ದವು. ತೆಗೆದುಬಿಡೋಣವೆಂದರೆ ಅಮ್ಮ ಒಪ್ಪುತ್ತಿರಲಿಲ್ಲ. ನಾಲ್ಕು ಹಸಿರು ಬಳೆಗಳನ್ನು ಮಾವ ಒಂದೊಂದಾಗಿ ಬರೆದಿದ್ದರು.

ಇನ್ನೂ ಸ್ವಲ್ಪ ನೋಡಿ ಅವಳು ಕೇಳಿದಳು: "ಅಜ್ಜಿ ಏನು ಹೇಳ್ತಿದಾರೆ?"

ನಾನು ಇಷ್ಟು ವರ್ಷ ಅದನ್ನು ನರಳಾಟವೆಂದು ತಿಳಿದಿದ್ದೆ. ಬೇಕನ್ನನ ಬಾಯಿ ಎಂದು ತಿಳಿದಿದ್ದೆ. ಅಮ್ಮನನ್ನು ಕಂಡೇ ಇರದ ಹುಡುಗಿಗೆ ಅದು ಮಾತಾಡುವ ಬಾಯಿಯಾಗಿ ಕಂಡಿತು. ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಹೌದು, ಕೆಳತುಟಿ ಸ್ವಲ್ಪ ಮುಂದೆ ಬಂದಿದೆ; ಕಣ್ಣು ಮುಚ್ಚಿಲ್ಲ, ಮಂಚದ ಪಕ್ಕದಲ್ಲಿ ಕುಳಿತ ಯಾರನ್ನೋ ನೋಡುತ್ತಿದೆ. ಏನೋ ಹೇಳುತ್ತಿದ್ದಾರೆ. ನೀರು ಕೇಳಿದರೋ, ಯಾರನ್ನಾದರೂ ಕರೆದರೋ, ನನ್ನ ಹೆಸರನ್ನೇ ಹೇಳಿದರೋ, ಒಳಗಿದ್ದವರಿಗೆ ಗೊತ್ತಿತ್ತು. ಎಂಟು ವರ್ಷ ಅವರಿಗೆ ದಿನವೂ ಅನ್ನ ಬಡಿಸಿದ್ದೇನೆ, ಕೇಳಲಿಲ್ಲ.

"ಗೊತ್ತಿಲ್ಲ ಮಗು" ಎಂದೆ.

ಚಿತ್ರ ಎಲ್ಲಿರಬೇಕೆಂದು ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ನಡುಮನೆ ಬೇಡವೆಂದಳು ನನ್ನ ಹೆಂಡತಿ. "ಬಂದವರಿಗೆಲ್ಲ ಅತ್ತೆಯನ್ನ ಹೀಗೆ ತೋರಿಸಬಾರದು ರೀ. ಅವರಿಗೂ ಇಷ್ಟವಾಗುತ್ತಿರಲಿಲ್ಲ." ಅವಳ ಮಾತು ಸರಿಯೆನಿಸಿತು; ಹಗಲಿಡೀ ಒಳಗಿದ್ದವಳು ಅವಳು, ಈ ವಿಷಯದಲ್ಲಿ ಅವಳಿಗೆ ನನಗಿಂತ ಹೆಚ್ಚು ಅಧಿಕಾರವಿದೆ. ಕೊನೆಗೆ ಅಮ್ಮ ಮಲಗಿದ್ದ ಕೋಣೆಗೇ ಎಂದು ತೀರ್ಮಾನವಾಯಿತು. ಈಗ ಅದು ನಾನು ಓದಿಕೊಳ್ಳುವ ಕೋಣೆ. ಬಣ್ಣ ಒಣಗಲೆಂದು ಎರಡು ದಿನ ಕಾದು ಮೇಸ್ತ್ರಿ ಮೊಳೆ ಹೊಡೆದ. ಚಿತ್ರ ನೇತುಹಾಕಿ, ಹಿಂದೆ ಸರಿದು ನೋಡಿ, "ಕಷ್ಟ ಪಟ್ಟವರು ಸಾರ್" ಎಂದ. ಚಿತ್ರದಲ್ಲಿರುವವರನ್ನು ಕುರಿತು ಹೇಳಿದನೋ ಬರೆದವರನ್ನು ಕುರಿತು ಹೇಳಿದನೋ ತಿಳಿಯಲಿಲ್ಲ.

ಚಿತ್ರ ನನ್ನ ಮೇಜಿನ ಎದುರಿಗೇ ಇದೆ. ಇನ್ನೂ ಬಹಳ ಹೊತ್ತು ನೋಡಲಾರೆ. ಬಳೆಗಳ ತನಕ ಹೋಗಿ ಕಣ್ಣು ಕೆಳಗಿಳಿಯುತ್ತದೆ. ಉತ್ತರಪತ್ರಿಕೆಗಳನ್ನು ಮಾತ್ರ ಈಗ ಜಗುಲಿಯಲ್ಲಿ ತಿದ್ದುವುದಿಲ್ಲ, ಇಲ್ಲಿಯೇ ತಿದ್ದುತ್ತೇನೆ.